ಓದುಗರ ಪ್ರಶ್ನೆ, ತಜ್ಞರ ಉತ್ತರ: ನೀರುಜೀರುಂಡೆಯ ಮೈಮೇಲಿನ ಶಿಲೀಂಧ್ರ

ಪ್ರಶ್ನೆ: ಕೆರೆಯಿಂದ ತಂದ ನೀರುಜೀರುಂಡೆಯ ಬೆನ್ನ ಮೇಲೆ ಬಿಳಿ ನವಿರು ಕಾಣುತ್ತಿದೆ. ಜೀರುಂಡೆಗಳ ಮೈಮೇಲೆ ಬೆಳೆಯುವ ಲಾಬೋಲ್‌ಬೇನಿಯೇಲ್ಸ್ ಶಿಲೀಂಧ್ರ ಇದೇ ಇರಬಹುದೇ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಬರಿಗಣ್ಣಿಗೆ ಬಿಳಿಯಾಗಿ ಕಂಡಿತೆಂದರೆ ಬಹುಮಟ್ಟಿಗೆ ಅಲ್ಲ. ವೋರ್ಟಿಸೆಲ್ಲಾ, ಎಪಿಸ್ಟೈಲಿಸ್‌ನಂಥ ತೊಟ್ಟುಳ್ಳ ಏಕಕೋಶಜೀವಿಗಳು ನೀರುಜೀರುಂಡೆಗಳ ಮೇಲೆ ಗುಂಪಾಗಿ ಅಂಟಿಕೊಳ್ಳುತ್ತವೆ. ಜೀರುಂಡೆಯನ್ನು ನೀರಲ್ಲೇ ಇಟ್ಟು, ಲೆನ್ಸಿನಡಿ ಸೂಜಿಮೊನೆಯಿಂದ ಮೆಲ್ಲಗೆ ತಟ್ಟಿ ನೋಡಿ. ಅವಾದರೆ ಥಟ್ಟನೆ ಮುದುಡುತ್ತವೆ, ಶಿಲೀಂಧ್ರ ಮಿಸುಕುವುದಿಲ್ಲ. ಕೆಂಪು ಗುಂಡು ಚುಕ್ಕೆಗಳಿದ್ದರೆ ನೀರುನುಸಿಯ ಮರಿಗಳು. ಸತ್ತ ಹುಳುವಿನ ಸುತ್ತ ನೂಲುನೂಲಾಗಿ ಹಬ್ಬಿದ್ದರೆ ಅದು ಮಾಮೂಲಿ ಬೂಷ್ಟು.

ಲಾಬೋಲ್‌ಬೇನಿಯೇಲ್ಸ್‌ನಲ್ಲಿ ಎಳೆಗಳ ಜಾಲವೇ ಇಲ್ಲ. ಎರಡು ಕೋಶಗಳ ಒಂದು ಬೀಜಕ ಅಂಟಿದಲ್ಲೇ ಬೆಳೆದು, ಎಣಿಸಬಹುದಾದಷ್ಟು ಜೀವಕೋಶಗಳ ಒಂದು ಪುಟ್ಟ ದೇಹವಾಗಿ ನಿಂತುಬಿಡುತ್ತದೆ. ಬಣ್ಣ ಹಳದಿ ಇಲ್ಲವೇ ಕಂದು, ಉದ್ದ ಸಾಮಾನ್ಯವಾಗಿ 1 ಮಿ.ಮೀ.ಗಿಂತ ಕಡಿಮೆ, ಬುಡದಲ್ಲಿ ಕಪ್ಪು ಪಾದ. ಗುರುತಿಗೆ ಮೊದಲು ಆ ಕಪ್ಪು ಪಾದವನ್ನೇ ಹುಡುಕಿ.

ಪ್ರಶ್ನೆ: ಸ್ಲೈಡ್ ಮಾಡಲು ಹೋದಾಗಲೆಲ್ಲ ಶಿಲೀಂಧ್ರ ತುಂಡಾಗುತ್ತದೆ, ಇಲ್ಲವೇ ಕವರ್‌ಸ್ಲಿಪ್ ಇಟ್ಟ ಕೂಡಲೇ ಅಂಚಿಗೆ ಸರಿದುಹೋಗುತ್ತದೆ. ಏನು ಮಾಡಲಿ?
— ಪ್ರಾಣಿಶಾಸ್ತ್ರ ಉಪನ್ಯಾಸಕರು, ಧಾರವಾಡ

ಉತ್ತರ: ಜೀರುಂಡೆಯನ್ನು ಶೇ. 70ರ ಆಲ್ಕೋಹಾಲಿನಲ್ಲಿ ಇಟ್ಟಿದ್ದೀರೆಂದುಕೊಳ್ಳೋಣ (ಡಿಎನ್‌ಎ ತೆಗೆಯುವುದಿದ್ದರೆ ಶೇ. 95 ಬೇಕು). ಹೊರತೆಗೆದು ಟಿಶ್ಯೂ ಕಾಗದದ ಮೇಲೆ ಮಲಗಿಸಿ, ಮೈಮೇಲಿನ ಆಲ್ಕೋಹಾಲ್ ಆರಲು ಬಿಡಿ. ಒದ್ದೆಯಿದ್ದಾಗ ಮೈಗೆ ಅಂಟಿ ಮಲಗಿರುವ ಶಿಲೀಂಧ್ರ ಆಗ ಎದ್ದು ಕಾಣುತ್ತದೆ. ತೀರಾ ಒಣಗಲು ಬಿಡಬೇಡಿ. ಗರಿಗರಿಯಾಗಿ, ಮುಟ್ಟಿದರೆ ಮುರಿಯುತ್ತದೆ. ಸ್ಟೀರಿಯೋ ಸೂಕ್ಷ್ಮದರ್ಶಕದಲ್ಲಿ 40–50 ಪಟ್ಟು ಹಿಗ್ಗಿಸಿ, ರೆಕ್ಕೆಕವಚದ ಅಂಚು, ಹೊಟ್ಟೆಯ ಅಡಿ, ಆರೂ ಕಾಲುಗಳನ್ನು ಸಾಲಾಗಿ ನೋಡಿ.

ಕೀಳುವ ಮೊದಲೇ ಜಾಗ ಬರೆದುಕೊಳ್ಳಿ: ಎಡವೋ ಬಲವೋ, ಯಾವ ಕಾಲಿನ ಯಾವ ಗೆಣ್ಣು, ಜೀರುಂಡೆ ಗಂಡೋ ಹೆಣ್ಣೋ. ಆಮೇಲೆ ಬರೆದರಾಯಿತು ಎನ್ನುವವರ ಸ್ಲೈಡು ಅರ್ಧ ಬೆಲೆಯದು. ಕಾರಣ ಮುಂದಿನ ಉತ್ತರದಲ್ಲಿದೆ.

ತುಂಡಾಗುವುದು ನಡುವೆ ಹಿಡಿದು ಎಳೆಯುವುದರಿಂದ. ಕೀಟ ಚುಚ್ಚುವ ಅತಿ ಸಣ್ಣ ಪಿನ್ನನ್ನು ಕಡ್ಡಿಗೆ ಸಿಕ್ಕಿಸಿ, ಮೊನೆಗೆ ಚೂರೇ ಚೂರು ಗ್ಲಿಸರಿನ್ ತಾಗಿಸಿ, ಕಪ್ಪು ಪಾದದ ಬುಡದಲ್ಲಿ ಪಕ್ಕದಿಂದ ಒತ್ತಿ. ಪಾದಸಮೇತ ಬಿಟ್ಟುಕೊಂಡು ಮೊನೆಗೇ ಅಂಟಿಕೊಳ್ಳುತ್ತದೆ.

ಸರಿದುಹೋಗುವುದು ಹನಿ ದೊಡ್ಡದಾದಾಗ. ಸ್ಲೈಡಿನ ಮೇಲೆ ಹಾಯರ್ಸ್ ಎಂಬ ಗೋಂದಿನ ದ್ರಾವಣವನ್ನು ತೆಳ್ಳಗೆ ಸವರಿ, ಅದರಲ್ಲಿ ಶಿಲೀಂಧ್ರಗಳನ್ನು ಜೋಡಿಸಿ, ಅವು ಕಚ್ಚಿಕೊಳ್ಳುವವರೆಗೆ ಕೆಲವು ನಿಮಿಷ ಆರಲು ಬಿಡಿ. ಆಮೇಲೆ ಕವರ್‌ಸ್ಲಿಪ್ಪಿಗೆ ಒಂದು ಹನಿ ಗ್ಲಿಸರಿನ್ ಹಾಕಿ, ತಲೆಕೆಳಗು ಮಾಡಿ ಓರೆಯಾಗಿ ಇಳಿಸಿ. ಒತ್ತಬೇಡಿ, ಒತ್ತಿದರೆ ಬೀಜಕದ ಚೀಲ ಒಡೆಯುತ್ತದೆ. ಅಂಚಿಗೆ ಬಂದ ಗ್ಲಿಸರಿನ್ನನ್ನು ಆಲ್ಕೋಹಾಲಿನಲ್ಲಿ ನೆನೆಸಿದ ಕಾಗದದಿಂದ ಒರೆಸಿದ ಮೇಲೆಯೇ ನೈಲ್ ಪಾಲಿಶ್ ಬಳಿಯಿರಿ, ಜಿಡ್ಡಿನ ಮೇಲೆ ಅದು ಹಿಡಿಯುವುದಿಲ್ಲ. ಹಾಯರ್ಸ್‌ನ ಅಳತೆ: ಭಟ್ಟಿ ಇಳಿಸಿದ ನೀರು 50 ಮಿ.ಲೀ., ಅರೇಬಿಕ್ ಗೋಂದು 30 ಗ್ರಾಂ, ಕ್ಲೋರಾಲ್ ಹೈಡ್ರೇಟ್ 200 ಗ್ರಾಂ, ಗ್ಲಿಸರಿನ್ 20 ಮಿ.ಲೀ. ಕ್ಲೋರಾಲ್ ಹೈಡ್ರೇಟ್ ವಿಷಕಾರಿ. ಪ್ರಯೋಗಾಲಯದಲ್ಲೇ, ಗ್ಲೌಸ್ ಹಾಕಿಕೊಂಡೇ ಬೆರೆಸಿ.

ಪ್ರಶ್ನೆ: ಈ ಶಿಲೀಂಧ್ರಗಳ ಒಂದು ಪ್ರಭೇದ ಎಡ ರೆಕ್ಕೆಕವಚದ ಅಂಚಿನಲ್ಲಿ ಮಾತ್ರ, ಇನ್ನೊಂದು ಒಂದೇ ಕಾಲಿನ ಮೇಲೆ ಮಾತ್ರ ಬೆಳೆಯುತ್ತದೆಂದು ಓದಿದೆ. ಇದು ಹೇಗೆ ಸಾಧ್ಯ?
— ಓದುಗರು, ಮೈಸೂರು

ಉತ್ತರ: ಇವು ಬೇರೆ ಬೇರೆ ಪ್ರಭೇದಗಳೋ, ಒಂದರದೇ ರೂಪಗಳೋ ಎಂಬುದು ನೂರು ವರ್ಷ ಎಳೆದ ತಕರಾರು. ಹಾರ್ವರ್ಡ್‌ನ ರೋಲಂಡ್ ಥ್ಯಾಕ್ಸ್‌ಟರ್ 1896ರಿಂದ 1931ರವರೆಗೆ ಐದು ಸಂಪುಟಗಳಲ್ಲಿ ಈ ಶಿಲೀಂಧ್ರಗಳನ್ನು ವಿವರಿಸಿದವರು. ಅಮೆರಿಕದ ಲ್ಯಾಕೋಫಿಲಸ್ ಮ್ಯಾಕ್ಯುಲೋಸಸ್ ಎಂಬ ಸುಮಾರು ಅರ್ಧ ಸೆಂ.ಮೀ. ಉದ್ದದ ನೀರುಜೀರುಂಡೆಯೊಂದರ ಮೇಲೆಯೇ ಈ ಶಿಲೀಂಧ್ರಗಳಲ್ಲೇ ಕೈಟೋನೋಮೈಸಿಸ್ ಎಂಬ ಕುಲದ 13 ಪ್ರಭೇದಗಳು ಲೆಕ್ಕಕ್ಕೆ ಸಿಕ್ಕವು. ಒಂದೊಂದಕ್ಕೂ ಒಂದೊಂದು ಗೊತ್ತಾದ ಜಾಗ, ಒಂದೊಂದು ಆಕಾರ. 2012ರಲ್ಲಿ ಸಂಶೋಧಕರಾದ ಗೋಲ್ಡ್‌ಮನ್ ಮತ್ತು ವಿಯರ್ ಡಿಎನ್‌ಎ ಹೋಲಿಸಿದಾಗ 13 ಹೋಗಿ 6 ಉಳಿದವು. ಬೇರೆ ಬೇರೆ ಎಂದುಕೊಂಡಿದ್ದವು ಜೋಡಿಜೋಡಿಯಾಗಿ, ಒಂದು ಕಡೆ ಮೂರು ಸೇರಿ, ಒಂದೇ ಪ್ರಭೇದದ ರೂಪಗಳಾಗಿದ್ದವು.

ಜಾಗದ ಗುಟ್ಟು ಜೀರುಂಡೆಗಳ ಕೂಡುವಿಕೆಯಲ್ಲಿದೆ. ಗಂಡು ಹೆಣ್ಣಿನ ಬೆನ್ನೇರಿದಾಗ ಅದರ ಮೈಯ ನಿರ್ದಿಷ್ಟ ಭಾಗ ಹೆಣ್ಣಿನ ನಿರ್ದಿಷ್ಟ ಭಾಗಕ್ಕೇ ತಾಗುತ್ತದೆ. ಅಂಟುಳ್ಳ ಬೀಜಕ ಅಲ್ಲಿಂದ ಅಲ್ಲಿಗೆ ದಾಟಿ, ಬಿದ್ದ ಜಾಗಕ್ಕೆ ತಕ್ಕ ಆಕಾರ ತಳೆಯುತ್ತದೆ. ಜಾಗದ ಟಿಪ್ಪಣಿಯಿಲ್ಲದ ಮಾದರಿಯಿಂದ ಈ ಜೋಡಿಗಳನ್ನು ಹೊಂದಿಸಲು ಸಾಧ್ಯವೇ ಆಗುತ್ತಿರಲಿಲ್ಲ. ಲ್ಯಾಕೋಫಿಲಸ್ ಕುಲದ ಜೀರುಂಡೆಗಳು ನಮ್ಮ ಕೆರೆ-ಹೊಂಡಗಳಲ್ಲೂ ಇವೆ, ಹುಡುಕುವವರು ಅಲ್ಲಿಂದಲೇ ಶುರುಮಾಡಬಹುದು.

ಪ್ರಶ್ನೆ: ಅಕ್ವೇರಿಯಮ್ಮಿನಲ್ಲಿ ಸಾಕಿದ ಜೀರುಂಡೆಗೆ ಇದು ತಗುಲಿದರೆ ಔಷಧ ಏನು? ಮೀನಿಗೂ ಹರಡುತ್ತದೆಯೇ? ತಟ್ಟೆಯಲ್ಲಿ ಬೆಳೆಸಿ ನೋಡಬಹುದೇ?
— ಓದುಗರು, ಬೆಂಗಳೂರು

ಉತ್ತರ: ಮೀನಿಗೆ, ಮನುಷ್ಯರಿಗೆ ಹರಡದು, ಕೀಟ ಮತ್ತು ಅವುಗಳ ಹತ್ತಿರದ ಸಂಬಂಧಿಗಳ ಮೈ ಬಿಟ್ಟು ಇದು ಬದುಕುವುದಿಲ್ಲ. ಜೀರುಂಡೆಯನ್ನೂ ಸಾಮಾನ್ಯವಾಗಿ ಕೊಲ್ಲದು. ಔಷಧ ಸುರಿದು ನೀರು ಕೆಡಿಸಬೇಡಿ. ಮರಿಹುಳುಗಳು ಪೊರೆ ಕಳಚುತ್ತಲೇ ಇರುವುದರಿಂದ ಅವುಗಳ ಮೇಲೆ ಇದು ನೆಲೆಯೂರುವುದು ಅಪರೂಪ. ಹಾಗಾಗಿ ಹೊಸದಾಗಿ ಪ್ಯೂಪಾ ಕೋಶದಿಂದ ಹೊರಬಂದ ಜೀರುಂಡೆಗಳನ್ನು ಹಳೆಯವುಗಳ ಜೊತೆ ಬಿಡದೆ ಬೇರೆ ತೊಟ್ಟಿಗೆ ಹಾಕಿ. ಅಗಾರ್ ತಟ್ಟೆಯಲ್ಲಿ ಏನಾದರೂ ಹುಲುಸಾಗಿ ಬೆಳೆದರೆ ಅದು ಗಾಳಿಯಿಂದ ಬಂದ ಬೂಷ್ಟು, ಇದಲ್ಲ.