ಮಂಗನ ಕಾಯಿಲೆ ಪತ್ತೆಗೆ ಜೀನೋಮ್ ಸೀಕ್ವೆನ್ಸಿಂಗ್ ಬೇಕಾ?

ತೀರ್ಥಹಳ್ಳಿಯಿಂದ ಕೇಳಿದ್ದೀರಿ: ಸೊಪ್ಪಿನ ಬೆಟ್ಟಕ್ಕೆ ದರಗು (ಒಣಗಿ ಉದುರಿದ ಎಲೆ) ತರಲು ಹೋಗಿದ್ದ ಅಪ್ಪನಿಗೆ ಮೂರು ದಿನದಿಂದ ಜ್ವರ, ರಕ್ತವನ್ನು ಸೀಕ್ವೆನ್ಸಿಂಗ್‌ಗೆ (ವೈರಸ್ಸಿನ ಜೀನೋಮ್, ಅಂದರೆ ಅದರ ಇಡೀ ಆನುವಂಶಿಕ ಬರಹವನ್ನು ಅಕ್ಷರ ಅಕ್ಷರ ಓದುವುದಕ್ಕೆ) ಕಳಿಸಿದರೆ ಕಾಯಿಲೆ ಖಚಿತವಾಗುತ್ತದಾ ಅಂತ. ಸೀಕ್ವೆನ್ಸಿಂಗ್ ಬೇಡ, ವೈರಸ್ಸಿನ ಆರ್‌ಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸಿ ಪತ್ತೆಹಚ್ಚುವ ಆರ್‌ಟಿ-ಪಿಸಿಆರ್ ಸಾಕು. ಅದೂ ಜೀನೋಮ್ ಓದಿದ್ದರ ಫಲವೇ. ವೈರಸ್ಸಿನ ಸುಮಾರು 11,000 ಅಕ್ಷರಗಳ ಆರ್‌ಎನ್‌ಎಯಲ್ಲಿ ಅಷ್ಟಾಗಿ ಬದಲಾಗದ ತುಂಡು ಹುಡುಕಿ ಅದಕ್ಕೆ ಹೊಂದಿ ಅಂಟಿಕೊಳ್ಳುವ ಪುಟ್ಟ ಡಿಎನ್‌ಎ ತುಂಡು, ಅಂದರೆ ಪ್ರೈಮರ್ ಮಾಡಿರುತ್ತಾರೆ. ಸ್ಯಾಂಪಲ್ ಲ್ಯಾಬ್ ಸೇರಿದ ಮೇಲೆ ಕೆಲವೇ ಗಂಟೆಯ ಕೆಲಸ.

ನಾನು ಕಂಡಂತೆ ಎಲ್ಲ ಕೆಡುವುದು ರಕ್ತ ತೆಗೆಯುವಾಗ. ಪಿಸಿಆರ್‌ಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ರಕ್ತದಲ್ಲಿ ಪ್ರತಿಕಾಯ ಹುಡುಕುವ ಎಲಿಸಾಗೆ ಕೆಂಪು ಮುಚ್ಚಳದ್ದು. ಹಸಿರು ಮುಚ್ಚಳದ್ದು ಬೇಡವೇ ಬೇಡ. ಅದರಲ್ಲಿರುವ ಹೆಪಾರಿನ್ ಪಿಸಿಆರ್ ಕಿಣ್ವವನ್ನು ಕಟ್ಟಿಹಾಕುತ್ತದೆ, ವೈರಸ್ ಇದ್ದರೂ ನೆಗೆಟಿವ್ ಬರಬಹುದು. ಲ್ಯಾಬಿನವರು ಕಂಟ್ರೋಲ್ (ಪರೀಕ್ಷೆ ಸರಿಯಾಗಿ ನಡೆಯಿತಾ ಎಂದು ತೋರಿಸುವ ಜೊತೆ ಪರೀಕ್ಷೆ) ನೋಡಿ ತಪ್ಪು ಹಿಡಿದರೂ, ಮತ್ತೆ ರಕ್ತ ತೆಗೆದು ಕಳಿಸುವಷ್ಟರಲ್ಲಿ ವೈರಸ್ ಇಳಿದಿರಬಹುದು. ಟ್ಯೂಬನ್ನು ಮಂಜುಗಡ್ಡೆಗೆ ತಾಗಿಸಿಟ್ಟರೂ ಅದೇ ಪಾಡು: ರಕ್ತಕಣ ಚಳಿಗೆ ಮಂಜುಗಟ್ಟಿ ಒಡೆದು, ಹೊರಬಂದ ಹಿಮೋಗ್ಲೋಬಿನ್ ಪಿಸಿಆರ್‌ಗೆ ಅಡ್ಡ ಬರುತ್ತದೆ. ಹತ್ತಿ ಸುತ್ತಿ, ಜಿಪ್ ಕವರಿಗೆ ಹಾಕಿ, ಗಟ್ಟಿ ಡಬ್ಬಿಯಲ್ಲಿಟ್ಟು, ಆಮೇಲೆ ಐಸ್ ಪ್ಯಾಕ್. 2ರಿಂದ 8 ಡಿಗ್ರಿ ಇರಲಿ. ಫಾರಂನಲ್ಲಿ ಜ್ವರ ಶುರುವಾದ ತಾರೀಖು ಬರೆಸಿ. ಮೊದಲ ವಾರ ಪಿಸಿಆರ್ ನಂಬಬಹುದು, ಆಮೇಲೆ ಐಜಿಎಂ (ಸೋಂಕಾದಾಗ ದೇಹ ಮೊದಲು ಮಾಡುವ ಪ್ರತಿಕಾಯ) ಹುಡುಕುವ ಎಲಿಸಾ ಬೇಕು. ತಾರೀಖಿಲ್ಲದ ನೆಗೆಟಿವ್ ರಿಪೋರ್ಟಿಗೆ ಅರ್ಥವಿಲ್ಲ.

ಸೀಕ್ವೆನ್ಸಿಂಗ್ ಒಬ್ಬ ರೋಗಿಗಿಂತ ಇಡೀ ಸೀಮೆಗೆ ಉಪಯೋಗ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಸಿಕ್ಕ ವೈರಸ್ ಈಗ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೂ ಕಾಣಿಸಿಕೊಂಡಿದೆ. ಯಾವ ಕವಲು ಎಲ್ಲಿಗೆ ಹೋಯಿತು, ಹಳೆಯ ಪ್ರೈಮರ್ ಇನ್ನೂ ಹೊಂದುತ್ತದಾ ಅನ್ನುವುದು ಅದರಿಂದಲೇ ತಿಳಿಯಬೇಕು. ಎಲ್ಲ ಸ್ಯಾಂಪಲ್ಲೂ ಅದಕ್ಕೆ ಒದಗುವುದಿಲ್ಲ. ಸಿಟಿ ವ್ಯಾಲ್ಯೂ (ಪಿಸಿಆರ್‌ನ ಎಷ್ಟನೇ ಸುತ್ತಿನಲ್ಲಿ ವೈರಸ್ ಕಂಡಿತು ಅನ್ನುವ ಎಣಿಕೆ, ಹೆಚ್ಚಿದಷ್ಟೂ ವೈರಸ್ ಕಡಿಮೆ) 30 ದಾಟಿದರೆ ಯಂತ್ರ ಬಹುಪಾಲು ರೋಗಿಯ ಜೀನನ್ನೇ ಓದುತ್ತಾ ಕೂರುತ್ತದೆ. ಕಾಡಲ್ಲಿ ಬಿಳಿ ಫ್ಲಾನೆಲ್ ಬಟ್ಟೆ ಎಳೆದು ಹಿಡಿದ, ಈ ವೈರಸ್ ಹರಡುವ ಉಣುಗುಗಳನ್ನೂ ಹೀಗೆ ಪರೀಕ್ಷಿಸಬಹುದು. ಮನುಷ್ಯರಿಗೆ ಜ್ವರ ಬರುವ ಮೊದಲೇ ಎಚ್ಚರಿಸಬಲ್ಲದ್ದು ಅದು. ನನ್ನ ಕೇಳಿದರೆ ದುಡ್ಡು ಸುರಿಯಬೇಕಾದದ್ದು ಅಲ್ಲಿ.

ರಿಪೋರ್ಟಿಗೆ ಕಾಯುತ್ತಾ ಮನೆಯಲ್ಲಿ ಕೂರಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ಪ್ಲೇಟ್‌ಲೆಟ್ ಇಳಿದಿದ್ದರೆ ರಕ್ತಸ್ರಾವ ಹೆಚ್ಚುತ್ತದೆ. ಒಸಡಲ್ಲೋ ಮೂಗಲ್ಲೋ ರಕ್ತ ಕಂಡರೆ ಅವತ್ತೇ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ. ಜ್ವರ ಬಿಟ್ಟ ಮೇಲೂ ಎರಡು ವಾರ ಗಮನ ಇರಲಿ, ಕೆಲವರಿಗೆ ಮತ್ತೆ ಜ್ವರ ಮರುಕಳಿಸಿ ತಲೆನೋವು, ಗೊಂದಲ ಶುರುವಾಗುತ್ತದೆ.