ಹುಡುಗಿಯರಿಗೆ ‘ಗಂಡುಗುಣ’ದ ಅಂಕ ಜಾಸ್ತಿ ಬಂದರೆ?

ಪ್ರಶ್ನೆ: ಮನಃಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಪ್ರಾಜೆಕ್ಟಿಗೆಂದು ಅಮೆರಿಕದ ಮನಃಶಾಸ್ತ್ರಜ್ಞೆ ಸಾಂಡ್ರಾ ಬೆಮ್ ಅವರ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು 40 ಡಿಗ್ರಿ ವಿದ್ಯಾರ್ಥಿನಿಯರಿಗೆ ಕೊಟ್ಟೆ. ‘ಪುರುಷ’, ‘ಸ್ತ್ರೀ’ ಎನಿಸಿಕೊಂಡ ಒಂದೊಂದು ಗುಣವೂ ತಮ್ಮಲ್ಲಿ ಎಷ್ಟಿದೆ ಅಂತ ಅದರಲ್ಲಿ ತಾವೇ 1ರಿಂದ 7ರವರೆಗೆ ಅಂಕ ಹಾಕಿಕೊಳ್ಳಬೇಕು. ಅರ್ಧಕ್ಕಿಂತ ಹೆಚ್ಚು ಮಂದಿಗೆ ‘ಪುರುಷ ಗುಣ’ದಲ್ಲೇ ಅಂಕ ಜಾಸ್ತಿ! ಅಜ್ಜಿಗೆ ಹೇಳಿದರೆ, ‘ಈಗಿನವೆಲ್ಲ ಗಂಡುಬೀರಿಗಳೇ ಬುಡು’ ಅಂತ ನಕ್ಕರು. ನಾನು ಎಡವಿದ್ದೆಲ್ಲಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ನೀವು ಎಡವಿಲ್ಲ. ಅಳತೆಕೋಲಿಗೆ ವಯಸ್ಸಾಗಿದೆ.

1936ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಟರ್ಮನ್ ಮತ್ತು ಮೈಲ್ಸ್ ಮಾಡಿದ ಪರೀಕ್ಷೆಯಲ್ಲಿ ಗಂಡುತನ, ಹೆಣ್ಣುತನ ಎರಡೂ ಒಂದೇ ಕೋಲಿನ ಎರಡು ತುದಿ. ಒಂದರ ಕಡೆ ವಾಲಿದರೆ ಇನ್ನೊಂದರಿಂದ ದೂರವಾದಿರಿ ಅಂತಲೇ ಲೆಕ್ಕ. ಅಮೆರಿಕದಲ್ಲಿ ಮಹಿಳಾ ಚಳವಳಿ ಕಾವೇರಿದ್ದಾಗ, 1974ರಲ್ಲಿ, ಬೆಮ್ ಇವೆರಡನ್ನೂ ಬೇರೆ ಬೇರೆಯಾಗಿ ಅಳೆದರು. ಒಬ್ಬರಲ್ಲೇ ಎರಡೂ ಇರಬಹುದು ಎಂದರು. ಆದರೆ ಯಾವ ಗುಣ ಯಾರದು ಅಂತ ತೀರ್ಮಾನಿಸಿದವರು ಅಂದಿನ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು. ಅವರ ಕಣ್ಣಿಗೆ ಸ್ವಾವಲಂಬನೆ ಗಂಡಸಿಗೆ ಒಪ್ಪುವ ಗುಣ. ಬೆಳಿಗ್ಗೆ ಮದ್ದೂರಿನಲ್ಲಿ ಬಸ್ ಹತ್ತಿ ಮೈಸೂರಿಗೆ ಹೋಗಿ, ಸ್ಕಾಲರ್‌ಶಿಪ್ ಅರ್ಜಿಯನ್ನೂ ತಾನೇ ತುಂಬುವ ಹುಡುಗಿ ಅಲ್ಲಿ 7ಕ್ಕೆ 7 ಹಾಕದೆ ಇನ್ನೇನು ಮಾಡಿಯಾಳು? ಅಮೆರಿಕದಲ್ಲೂ ಹೀಗೇ ಆಯಿತು. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 1997ರಲ್ಲಿ ಮನಃಶಾಸ್ತ್ರಜ್ಞೆ ಜೀನ್ ಟ್ವೆಂಗಿ ನೋಡಿದಾಗ, ‘ಪುರುಷ’ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಅಂಕ ವರ್ಷದಿಂದ ವರ್ಷಕ್ಕೆ ಏರಿತ್ತು.

ಹಾಗಂತ ಸಂಭ್ರಮಪಡಲು ಅವಸರ ಬೇಡ. ಅಂಕ ಏರಿದ್ದು ಸ್ವಭಾವ ಬದಲಾಗಿಯೋ, ‘ಹೌದು, ನಾನು ಹೀಗೇ’ ಅಂತ ಬಾಯಿಬಿಟ್ಟು ಹೇಳುವ ಧೈರ್ಯ ಬಂದದ್ದಕ್ಕೋ? ಬರೀ ಅಂಕ ಅದನ್ನು ಹೇಳದು. ಅನುವಾದದ ತೊಡಕು ಬೇರೆ. ಒಮ್ಮೆ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದ ಹೆಂಗಸೊಬ್ಬರಿಗೆ ‘ನೀವು ಸ್ವಂತ ನಿರ್ಧಾರ ತಗೋತೀರಾ?’ ಎಂದು ಕೇಳಿದ್ದೆ. ‘ಯಾವುದ್ರುದ್ದು ಸಾ? ಸೀರೆದಾ, ಹಸ ಮಾರೋದಾ?’ ಅಂದರು. ನನ್ನ ಪ್ರಶ್ನೆ ಅಲ್ಲೇ ಮುರಿದುಬಿತ್ತು.

ಉತ್ತರ ಪತ್ರಿಕೆಗಳನ್ನು ಎಸೆಯಬೇಡಿ. ಬೆಮ್ ಮಾಡಿದ್ದನ್ನೇ ಮಂಡ್ಯದಲ್ಲಿ ಮಾಡಿ: ಇವತ್ತು ಇಲ್ಲಿ ಈ ಗುಣ ಹೆಣ್ಣಿಗೆ ಎಷ್ಟು ಒಪ್ಪುತ್ತದೆ, ಗಂಡಿಗೆ ಎಷ್ಟು ಅಂತ ಒಂದೊಂದು ಪದಕ್ಕೂ ಅಂಕ ಹಾಕಿಸಿ. ವಿದ್ಯಾರ್ಥಿನಿಯರ ಜೊತೆ ಅವರ ತಾಯಂದಿರನ್ನೂ ಕೇಳಿ. ಪ್ರಾಜೆಕ್ಟಿನ ತಿರುಳು ಇರುವುದು ಈ ಎರಡು ತಲೆಮಾರಿನ ಅಂತರದಲ್ಲಿ. ಮೂಲ ಪ್ರಶ್ನಾವಳಿಯನ್ನು ನಿಮ್ಮ ಅಜ್ಜಿಗೂ ಓದಿ ಹೇಳಿ, ತಮ್ಮ ಬಗ್ಗೆ ತಾವೇ ಅಂಕ ಹಾಕಲಿ. ‘ಗಂಡುಬೀರಿ’ ಅಂದವರಿಗೆ ಎಷ್ಟು ಬಂತು ಅಂತ ನನಗೂ ಬರೆಯಿರಿ.