ಮಂಜುಗಡ್ಡೆಯಡಿ ಸೋರಿದ ಎಣ್ಣೆ: ಓದುಗರೊಬ್ಬರ ಪತ್ರಕ್ಕೆ ಉತ್ತರ

ಆರ್ಕ್ಟಿಕ್ ಸಾಗರದ ತೈಲ ಬಾವಿಗಳ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಶಿರಸಿಯಿಂದ ಪತ್ರ ಬರೆದಿದ್ದೀರಿ. ಹಿಮಕರಡಿಗೆ ಕುತ್ತು ಬಂದಿರುವುದು ಭೂಮಿ ಬಿಸಿಯಾಗುತ್ತಿರುವುದರಿಂದಲೇ ಹೊರತು ಅಲ್ಲೊಂದು ಇಲ್ಲೊಂದು ಕೊರೆಯುವ ಬಾವಿಯಿಂದಲ್ಲ, ಆದ್ದರಿಂದ ಬಾವಿಗಳನ್ನು ನಿಷೇಧಿಸಿ ಎನ್ನುವುದು ಬರೀ ಭಾವುಕತೆ ಎಂಬುದು ತಮ್ಮ ಆಕ್ಷೇಪ. ಅಂಟಾರ್ಕ್ಟಿಕಾದ ಗಣಿಗಾರಿಕೆ ನಿಷೇಧವೂ 2048ಕ್ಕೆ ಮುಗಿಯುತ್ತದಲ್ಲವೇ ಎಂದೂ ಕೇಳಿದ್ದೀರಿ.

ಆಕ್ಷೇಪದ ಮೊದಲರ್ಧವನ್ನು ಒಪ್ಪುತ್ತೇವೆ. 2008ರ ಮೇ ತಿಂಗಳಲ್ಲಿ ಅಮೆರಿಕ ಹಿಮಕರಡಿಗೆ ಕಾನೂನಿನ ರಕ್ಷಣೆ ಕೊಟ್ಟಾಗ ಹೇಳಿದ ಮುಖ್ಯ ಕಾರಣ ಸಮುದ್ರದ ಮಂಜುಗಡ್ಡೆ ಕರಗುತ್ತಿರುವುದೇ. (ಅದಕ್ಕೆ ಮೂರು ತಿಂಗಳು ಮೊದಲು ಅದೇ ಸರ್ಕಾರ, ಅದೇ ಕರಡಿಗಳು ಓಡಾಡುವ, ಅಲಾಸ್ಕಾದ ವಾಯವ್ಯಕ್ಕಿರುವ ಚುಕ್ಚಿ ಸಮುದ್ರದಲ್ಲಿ ತೈಲದ ಗುತ್ತಿಗೆಗಳನ್ನು ಹರಾಜು ಹಾಕಿ ಮುಗಿಸಿತ್ತು ಎಂಬುದನ್ನೂ ಮರೆಯಬಾರದು.) ಆದರೆ ನಿಷೇಧದ ವಾದ ನಿಂತಿರುವುದು ಬಾವಿಗಳ ಸಂಖ್ಯೆಯ ಮೇಲಲ್ಲ, ಅಲ್ಲಿ ಸೋರಿದ ಎಣ್ಣೆಯನ್ನು ಯಾರೂ ಬಳಿದು ತೆಗೆಯಲಾರರು ಎಂಬುದರ ಮೇಲೆ. ತೇಲುವ ತಡೆಬೇಲಿಗಳಾಗಲಿ ಎಣ್ಣೆ ಹೀರುವ ಯಂತ್ರಗಳಾಗಲಿ ಒಡೆದ ಮಂಜುಗಡ್ಡೆಗಳ ನಡುವೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಚಳಿಗಾಲದಲ್ಲಿ ಸೋರಿದ್ದು ಮಂಜುಗಡ್ಡೆಯ ಅಡಿಯಲ್ಲಿ ಸಿಕ್ಕಿ, ಅದರೊಳಗೇ ಹೆಪ್ಪುಗಟ್ಟಿ, ಅದು ತೇಲಿದತ್ತ ತಾನೂ ಸಾಗಿ, ವಸಂತದಲ್ಲಿ ಬಿರುಕು ಬಿಟ್ಟ ನೀರಿನಲ್ಲಿ ಮೇಲೇಳುತ್ತದೆ. ಸೀಲ್‌ಗಳು ಉಸಿರಿಗಾಗಿ ತಲೆಯೆತ್ತುವುದು, ಅವನ್ನು ಹಿಡಿಯಲು ಕರಡಿ ಕಾಯುವುದು, ವಲಸೆಯ ತಿಮಿಂಗಿಲಗಳು ಹಾದುಹೋಗುವುದು ಎಲ್ಲವೂ ಅಲ್ಲಿಯೇ. ಎಣ್ಣೆ ಮೆತ್ತಿದ ತುಪ್ಪಳ ಚಳಿಯನ್ನು ತಡೆಯುವುದಿಲ್ಲ, ಕರಡಿ ಅದನ್ನು ನೆಕ್ಕಿ ನೆಕ್ಕಿ ಶುಚಿ ಮಾಡಿಕೊಳ್ಳಲು ಹೋಗಿ ವಿಷವನ್ನು ನುಂಗುತ್ತದೆ. ಕೆನಡಾದಲ್ಲಿ 1980ರ ಸುಮಾರಿಗೆ ನಡೆದ ಒಂದು ಪ್ರಯೋಗದಲ್ಲಿ ಎಣ್ಣೆ ಸೋಕಿದ ಮೂರು ಕರಡಿಗಳಲ್ಲಿ ಎರಡು ಸತ್ತವು.

ಇದು ದೂರದ ಭಯವೂ ಅಲ್ಲ. ಚುಕ್ಚಿ ಗುತ್ತಿಗೆಗಳು ಉತ್ಪಾದನೆಗೆ ಬಂದರೆ 77 ವರ್ಷಗಳ ಅವಧಿಯಲ್ಲಿ ಸಾವಿರ ಬ್ಯಾರೆಲ್‌ಗೂ ಹೆಚ್ಚಿನ ಸೋರಿಕೆ ಒಮ್ಮೆಯಾದರೂ ಆಗುವ ಸಂಭವ ಶೇ 75 ಎಂದು 2015ರಲ್ಲಿ ಅಂದಾಜಿಸಿದ್ದು ಅಮೆರಿಕ ಸರ್ಕಾರದ ಇಲಾಖೆಯೇ. ಕರಾವಳಿ ಕಾವಲು ಪಡೆಯ ಹತ್ತಿರದ ಕಾಯಂ ನೆಲೆ ಇರುವುದು 1,500 ಕಿಲೋಮೀಟರಿಗೂ ದೂರದ, ಅಲಾಸ್ಕಾದ ದಕ್ಷಿಣ ತುದಿಯ ಕೊಡಿಯಾಕ್ ದ್ವೀಪದಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಷೆಲ್ ತೈಲ ಕಂಪನಿ ಚುಕ್ಚಿ ಸಮುದ್ರದಿಂದ ಕಾಲ್ತೆಗೆದದ್ದು ಕರಡಿಯ ಮೇಲಿನ ಕನಿಕರದಿಂದಲ್ಲ, ಕೊರೆದ ಬಾವಿಯಲ್ಲಿ ಲಾಭಕ್ಕೆ ಸಾಲುವಷ್ಟು ತೈಲ ಸಿಗದೆ.

ಇನ್ನು, ತಾಪಮಾನ ಮತ್ತು ತೈಲ ಬೇರೆ ಬೇರೆ ವಿಷಯಗಳೆಂದು ಬರೆದಿದ್ದೀರಿ. ಆದರೆ ಒಂದರ ಪೆಟ್ಟು ಇನ್ನೊಂದರ ಅಪಾಯವನ್ನು ಹೆಚ್ಚಿಸುತ್ತದೆ. ತೇಲುವ ಮಂಜುಗಡ್ಡೆ ಇಲ್ಲದಾದ ಕಾರಣ 2014ರಲ್ಲಿ ಅಲಾಸ್ಕಾದ ಚುಕ್ಚಿ ಕರಾವಳಿಯ ಪಾಯಿಂಟ್ ಲೇ ಹಳ್ಳಿಯ ಬಳಿ, ಸೀಲ್‌ಗಳ ಬಳಗದ ಕೋರೆದಾಡೆಯ ಪ್ರಾಣಿಗಳಾದ ವಾಲ್ರಸ್‌ಗಳು ಸುಮಾರು 35,000 ಒಂದೇ ದಡವನ್ನು ಹತ್ತಿದವು. ಅಷ್ಟು ಪ್ರಾಣಿಗಳು ಒಂದೆಡೆ ಸೇರಿದಾಗ ಸಣ್ಣ ಸೋರಿಕೆಯೂ ಸಣ್ಣದಾಗಿ ಉಳಿಯುವುದಿಲ್ಲ.

ಅಂಟಾರ್ಕ್ಟಿಕಾದ ಪ್ರಶ್ನೆಗೆ ಉತ್ತರ ಚಿಕ್ಕದು. 1991ರ ಮ್ಯಾಡ್ರಿಡ್ ಒಡಂಬಡಿಕೆಯ ಗಣಿಗಾರಿಕೆ ನಿಷೇಧಕ್ಕೆ ಕೊನೆಯ ದಿನಾಂಕವೇ ಇಲ್ಲ. ಅದು ಜಾರಿಗೆ ಬಂದ 1998ರಿಂದ 50 ವರ್ಷ ಕಳೆದ ಮೇಲೆ ಮರುಪರಿಶೀಲನಾ ಸಮ್ಮೇಳನ ಕರೆಯುವಂತೆ ಸಮಾಲೋಚಕ ಸದಸ್ಯ ರಾಷ್ಟ್ರವೊಂದು (ಅಂಟಾರ್ಕ್ಟಿಕಾದ ನಿರ್ಧಾರಗಳಲ್ಲಿ ಮತದ ಹಕ್ಕಿರುವ ದೇಶ) ಕೇಳಬಹುದು, ಅಷ್ಟೆ. ಅಲ್ಲಿ ಒಪ್ಪಿಗೆಯಾದ ತಿದ್ದುಪಡಿ ಜಾರಿಗೆ ಬರಲು 1991ರಲ್ಲಿ ಸಮಾಲೋಚಕ ಸ್ಥಾನದಲ್ಲಿದ್ದ 26 ದೇಶಗಳೂ ಅನುಮೋದಿಸಬೇಕು. 1983ರಿಂದ ಆ ಸ್ಥಾನದಲ್ಲಿರುವ ಭಾರತವೂ ಅವುಗಳಲ್ಲಿ ಒಂದು.